ಸಂಜೆ ಆರರಿಂದ ಎಂಟು

“ಮನೇಲಿ ಯಾರಿದ್ದಾರೆ?” ಸಮಾಲೋಚಕ ಮೂರನೇ ಸಲ ಕೇಳಿದ. ಎರಡು ಸಲ ಬಂದ ಉತ್ತರ ಅವನಿಗೆ ಅಷ್ಟಾಗಿ ಹಿಡಿಸಿರಲಿಲ್ಲ.

“ತಂಗಿ,” ಎಂದ ಬೀಗ ರಿಪೇರಿಯವನು, ತನ್ನ ಮೊಣಕಾಲುಗಳನ್ನೇ ನೋಡುತ್ತಾ.

“ನಾನೇ ತಂಗಿ,” ಎಂದಳು ಪಕ್ಕದ ಕುರ್ಚಿಯಲ್ಲಿದ್ದ ಹೊಲಿಗೆಯವಳು. ಎರಡೂ ಕೈಗಳನ್ನು ಮಡಿಲಲ್ಲಿದ್ದ ಚೀಲದ ಕೆಳಗೆ ಅದುಮಿಕೊಂಡು ಕೂತಿದ್ದಳು.

ಸಮಾಲೋಚಕ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಕುಡಿತ ಬಿಡಿಸುವ ಆ ಕೇಂದ್ರದ ಒಂದನೇ ಕೋಣೆಯಲ್ಲಿ ಬೆಳಿಗ್ಗೆಯಿಂದ ಹನ್ನೊಂದು ಜನ ಅವನೆದುರು ಕೂತು ಎದ್ದು ಹೋಗಿದ್ದರು. ಸುಳ್ಳು ಕೇಳಿ ಕೇಳಿ ಅವನ ಕಿವಿ ಪಳಗಿತ್ತು.

ಮುಂದಿದ್ದ ದಾರಿ ಮೂರು. ವಾರಕ್ಕೊಮ್ಮೆ ಬಂದು ಮಾತಾಡಿ ಮಾತ್ರೆ ಒಯ್ಯುವುದು ಮೊದಲನೆಯದು. ಬೀಗದವನ ಪಾಲಿಗೆ ಅದು ಎರಡು ಸಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು. ತಿಂಗಳು ಪೂರ್ತಿ ವಾರ್ಡಿನಲ್ಲಿ ಇರುವುದು ಇನ್ನೊಂದು. ಇವೆರಡರ ನಡುವಿನದು ಹಗಲು ಚಿಕಿತ್ಸೆ: ಬೆಳಿಗ್ಗೆ ಒಂಬತ್ತಕ್ಕೆ ಬರುವುದು, ಐದಕ್ಕೆ ಮನೆಗೆ ಹೋಗುವುದು. ಡಾಕ್ಟರು ಆಗಲೇ ಪರೀಕ್ಷೆ ಮಾಡಿ, ಇದುವರೆಗೆ ಫಿಟ್ಸ್ ಬಂದಿಲ್ಲ, ಔಷಧಿ ಕೊಟ್ಟರೆ ದೇಹ ತಡೆದುಕೊಳ್ಳುತ್ತದೆ ಎಂದು ಫೈಲಿನಲ್ಲಿ ಬರೆದಿದ್ದರು. ಉಳಿದದ್ದು ಒಂದೇ ಪ್ರಶ್ನೆ.

“ಐದರ ತನಕ ನಾವಿರ್ತೀವಿ,” ಎಂದ ಸಮಾಲೋಚಕ. “ಆಮೇಲೆ ಮನೆಯವರು ಇರಬೇಕು. ಒಂಟಿಯಾಗಿರೋರಿಗೆ ನಾನು ಹಗಲು ಚಿಕಿತ್ಸೆ ಬರೆಯಲ್ಲ. ವಾರ್ಡೇ ಗತಿ.”

ವಾರ್ಡು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೀಗದವನ ಮುಖ ಮುಚ್ಚಿದ ಅಂಗಡಿಯಂತಾಯಿತು. ಅವಳೇ ಬಾಯಿ ತೆರೆದಳು. ಹಿಂದೊಮ್ಮೆ ಬೇರೆ ಊರಿನಲ್ಲಿ ಅವನು ವಾರ್ಡು ಸೇರಿದ್ದನ್ನೂ ಹನ್ನೆರಡನೇ ದಿನಕ್ಕೆ ಗೇಟು ದಾಟಿ ಹೋದದ್ದನ್ನೂ ಹೇಳಿದಳು. ಭಾನುವಾರ ಎಲ್ಲರ ಮನೆಯವರೂ ಬರುತ್ತಿದ್ದರಂತೆ. ಇವನು ಹಳೆಯ ಪೇಪರು ಹಿಡಿದುಕೊಂಡು, ಓದುವವನ ಹಾಗೆ ನಟಿಸುತ್ತಾ, ಸಂಜೆಯವರೆಗೆ ಒಂದೇ ಪುಟ ನೋಡುತ್ತಿದ್ದನಂತೆ.

“ಇವರಿಗೆ...” ಎಂದವಳು ಕೆಮ್ಮಿ ತಿದ್ದಿಕೊಂಡಳು. “ಇವನಿಗೆ ಕುಡಿಯದೆ ಇರೋದು ಕಷ್ಟ ಆಗಲಿಲ್ಲ ಸರ್. ಯಾರೂ ಬರದೇ ಇದ್ದದ್ದು ಕಷ್ಟ ಆಯ್ತು.”

“ನೀವ್ಯಾಕೆ ಹೋಗಲಿಲ್ಲ?”

“ಆಗ ನನಗೆ ಗೊತ್ತೇ ಇರಲಿಲ್ಲ.”

ಸಮಾಲೋಚಕ ಅವಳನ್ನು ದಿಟ್ಟಿಸಿದ. ಆಮೇಲೆ ಪೆನ್ನು ಕೆಳಗಿಟ್ಟು ಪರೀಕ್ಷೆಗೆ ಇಳಿದ. ಇವರು ಬಾಟಲಿ ಎಲ್ಲಿ ಬಚ್ಚಿಡುತ್ತಾರೆ?

ಹಿಟ್ಟಿನ ಡಬ್ಬಿಯಲ್ಲಿ, ಎಂದಳು. ಅಲ್ಲಿ ಸಿಕ್ಕಿಬಿದ್ದ ಮೇಲೆ ನೂಲಿನುಂಡೆಗಳ ಪೆಟ್ಟಿಗೆಯ ತಳದಲ್ಲಿ. ಬಾಯಿಯ ವಾಸನೆಗೆ ಏಲಕ್ಕಿ. ಬೆಳಿಗ್ಗೆ ಕೈ ನಡುಗುವಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು. ಅದೂ ಯಾರಾದರೂ ನೋಡುತ್ತಿದ್ದರೆ, ಬಿಸಿಯಿದೆ ಎಂಬಂತೆ ಊದುವುದು.

ಬೀಗದವನು ತಲೆಯೆತ್ತಿ ಅವಳನ್ನು ನೋಡಿದ. ಕಳ್ಳನನ್ನು ಕಂಡ ಕಳ್ಳನಂತೆ ಅಲ್ಲ. ಕತ್ತಲಲ್ಲಿ ಇನ್ನೊಬ್ಬರ ಉಸಿರು ಕೇಳಿದವನಂತೆ.

“ಕುಡಿಯಬೇಕು ಅನ್ನೋ ಆಸೆ ಹೆಚ್ಚಾಗೋದು ಯಾವ ಹೊತ್ತಿಗೆ?”

“ಸಂಜೆ ಆರರಿಂದ ಎಂಟು,” ಅವಳು ತಡವರಿಸಲಿಲ್ಲ. “ಕೆಲಸ ಮುಗಿಸಿ ಬಾಗಿಲು ತೆಗೀತೀವಲ್ಲ ಸರ್, ಆಗ ಮನೆ ಸದ್ದೇ ಇಲ್ಲದೆ ನಿಂತಿರುತ್ತೆ. ಚಪ್ಪಲಿ ಬಿಟ್ಟ ಸದ್ದು ನಮಗೇ ಕೇಳಿಸುತ್ತೆ. ಆ ಎರಡು ಗಂಟೆ ದಾಟಿದರೆ ದಿನ ದಾಟಿದ ಹಾಗೆ.”

ಫ್ಯಾನು ತಿರುಗುತ್ತಿತ್ತು. ಸಮಾಲೋಚಕ ಪೆನ್ನು ಮತ್ತೆ ಕೈಗೆತ್ತಿಕೊಂಡ. ಹತ್ತು ವರ್ಷದಲ್ಲಿ ಎಷ್ಟೋ ಹೆಂಡತಿಯರು, ತಾಯಂದಿರು ಆ ಕುರ್ಚಿಯಲ್ಲಿ ಕೂತು ಅತ್ತಿದ್ದರು, ಶಪಿಸಿದ್ದರು. ರೋಗಿಯ ಸಂಜೆಯನ್ನು ಹೀಗೆ ಬಲ್ಲವರು ಒಬ್ಬರೂ ಬಂದಿರಲಿಲ್ಲ.

“ಇಂಥ ತಂಗಿ ಇದ್ದರೆ ವಾರ್ಡು ಬೇಡ,” ಎಂದವನೇ ಹಾಳೆಯ ಮೇಲೆ ಹಗಲು ಚಿಕಿತ್ಸೆ ಎಂದು ಬರೆದ. ಆರರಿಂದ ಎಂಟರವರೆಗೆ ಇವರನ್ನು ಒಂಟಿಯಾಗಿ ಬಿಡಕೂಡದು, ಒಂದು ದಿನ ತಪ್ಪಿದರೂ ತನಗೆ ಫೋನು ಮಾಡಬೇಕು, ಮತ್ತೆ ಕುಡಿದರೆ ಮಾತಿಲ್ಲದೆ ವಾರ್ಡಿಗೆ ಸೇರಬೇಕು ಎಂದು ಕರಾರು ಹಾಕಿದ. ಬೀಗದವನು ಎಲ್ಲದಕ್ಕೂ ತಲೆಯಾಡಿಸಿದ.

ಸಹಿ ಮಾಡಲು ಅವಳು ಚೀಲದಡಿಯಿಂದ ಕೈ ತೆಗೆಯಲೇಬೇಕಾಯಿತು. ಪೆನ್ನು ಕಾಗದದ ಮೇಲೆ ಅಂಕುಡೊಂಕಾಗಿ ಓಡಿತು. ಬಿದ್ದ ಗೆರೆಯನ್ನು ಯಾರೂ ಓದುವಂತಿರಲಿಲ್ಲ.

“ಹೆದರ್ಕೋಬೇಡಿ ಅಮ್ಮಾ,” ಎಂದ ಸಮಾಲೋಚಕ ಮೆತ್ತಗೆ. “ಅಣ್ಣ ಸರಿಹೋಗ್ತಾರೆ.”

ಹೊರಗಿನ ಪಡಸಾಲೆಯಲ್ಲಿ, ಬೆಳಿಗ್ಗೆ ಸರದಿ ಕಾಯುತ್ತಾ ಅವನು ವಾರ್ಡಿನ ಕಥೆ ಹೇಳಿಕೊಂಡಿದ್ದ ಅದೇ ಬೆಂಚಿನ ಎರಡು ತುದಿಗೆ ಇಬ್ಬರೂ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ. ಎದುರಿನ ಬೆಂಚಿನಲ್ಲಿ ಒಂದು ದೊಡ್ಡ ಸಂಸಾರ ಒಬ್ಬ ರೋಗಿಯನ್ನು ನಡುವೆ ಕೂರಿಸಿಕೊಂಡು ಗದರುತ್ತಿತ್ತು. ಬೈಸಿಕೊಳ್ಳುವುದಕ್ಕೂ ಪುಣ್ಯ ಬೇಕು ಎಂದುಕೊಂಡಳು ಅವಳು. ಬೀಗದವನು ಎದ್ದು ಹೋಗಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಮಡಚಿದ, ಬಿಡಿಸಿದ.

ಎರಡನೇ ಕೋಣೆಯ ಬಾಗಿಲು ತೆರೆಯಿತು. ಹೆಂಗಸರನ್ನು ನೋಡುವ ಕೋಣೆ ಅದು. ದಾದಿ ಹದಿನೇಳನೇ ನಂಬರು ಕೂಗಿದಳು. ಯಾರೂ ಏಳಲಿಲ್ಲ. ಮತ್ತೆ ಕೂಗಿದಾಗ ಹೊಲಿಗೆಯವಳು ಎದ್ದು ಹೋಗಿ, ಮುಷ್ಟಿ ಬಿಚ್ಚಿ, ಬೆವರಿನಲ್ಲಿ ನೆನೆದ ಚೀಟಿಯನ್ನು ಚಾಚಿದಳು.

“ರೋಗಿ ನೀವೇನಾ? ಜೊತೆಗೆ ಯಾರು ಬಂದಿದ್ದಾರೆ?”

ಯಾರೂ ಇಲ್ಲ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಹೆಜ್ಜೆಯ ಸದ್ದಾಯಿತು.

“ನಾನಿದ್ದೀನಿ. ಇವಳ ಅಣ್ಣ,” ಎಂದ ಬೀಗದವನು. ದಾದಿ ಫೈಲು ತರಲು ತಿರುಗಿದ್ದೇ ತಡ, ಹೊಲಿಗೆಯವಳ ಕಿವಿಯ ಬಳಿ ಬಗ್ಗಿ ಪಿಸುದನಿಯಲ್ಲಿ ಕೇಳಿದ: “ನಿಮ್ಮ ಹೆಸರೇನು?”