ಇನ್ನೊಂದು ತಾರೀಖು

ಕಲಬುರಗಿಯ ಅದಾಲತ್ತಿನಲ್ಲಿ ಮುನ್ಸಿಫ್ ಸಾಹೇಬರು ಉರ್ದುವಿನಲ್ಲಿ ಏನೋ ಕೇಳಿದರು. ಶಿವಕಾಂತಮ್ಮನಿಗೆ ಅದು ಬಾವಿಯ ಆಳದಲ್ಲಿ ಪಾರಿವಾಳ ಗುಟುರು ಹಾಕಿದಂತೆ ಕೇಳಿಸಿತು. ಕಮಲಾಪುರದಿಂದ ಬಂಡಿಯಲ್ಲಿ ಬಂದ ತೂಗಾಟ ಇನ್ನೂ ಮೈಬಿಟ್ಟಿರಲಿಲ್ಲ. ನಿಂತ ಕಲ್ಲುಹಾಸೂ ಮೆಲ್ಲಗೆ ತೂಗುತ್ತಿತ್ತು. ವಕೀಲ ಸೂಗಪ್ಪನವರು ಅವಳ ಕಡೆ ತಿರುಗಿದರು.

“ಗಂಡ ಹೊಡೀತಾನೇನು, ಉಪವಾಸ ಕೆಡವ್ಯಾನೇನು, ಬ್ಯಾರೆ ಹೆಣ್ಣಿನ ಸಂಗ ಅದ ಏನು ಅಂತ ಸಾಹೇಬ್ರು ಕೇಳಾಕತ್ತಾರವ್ವ. ಬಿಡುಗಡಿ ಯಾಕ ಬೇಕು?”

“ಅದ್ಯಾವುದೂ ಇಲ್ರೀ. ನನ್ನ ಜೋಡಿ ಮಾತಾಡಂಗಿಲ್ಲ. ಮೂರು ವರ್ಷ ಆತು.”

ಮುನ್ಸಿಫರ ಲೇಖನಿ ನಿಂತಿತು. ಅವರು ಅವಳ ಗಂಡ ಖಂಡೆಪ್ಪನನ್ನು ನೋಡಿದರು. ಅವನು ರುಮಾಲಿನ ಸೆರಗನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದ. ಎತ್ತುಗಳೊಡನೆ ಮಾತಾಡುವ, ಸಂತೆಯಲ್ಲಿ ಕೂಗಿ ಕೂಗಿ ಬಾಳೆಗೊನೆ ಮಾರುವ ಮನುಷ್ಯ, ಮನೆಯ ಹೊಸ್ತಿಲು ದಾಟಿ ಒಳಬಂದರೆ ಮೂಕ. ಶಿವಕಾಂತಮ್ಮನಿಗೆ ಅವನ ದನಿ ಸಿಗುತ್ತಿದ್ದುದು ಕನಸಿನಲ್ಲಿ ಮಾತ್ರ. ಕನಸಿನಲ್ಲಿ ಅವನು ಕೆಂಬಾಳೆಯ ತೋಟದ ಆಚೆ ನಿಂತು ಏನೋ ಹೇಳುತ್ತಿರುತ್ತಿದ್ದ. ಅವಳು ಒಂದೊಂದೇ ಎಲೆ ಸರಿಸಿಕೊಂಡು ಹತ್ತಿರವಾಗುವಷ್ಟರಲ್ಲಿ ಬೆಳಕು ಹರಿದುಬಿಡುತ್ತಿತ್ತು.

ಸಾಹೇಬರು ಹೇಳಿದ್ದನ್ನು ಸೂಗಪ್ಪನವರು ಬಿಡಿಸಿ ಹೇಳಿದರು. ಜಾತಿಯ ರೂಢಿಯಲ್ಲಿ ಬಿಡುಗಡೆ ಉಂಟೆಂದು ಊರ ಪಂಚರು ಸಾಕ್ಷಿ ನುಡಿದರೆ ಅದಾಲತ್ತು ಒಪ್ಪುತ್ತದೆ. ಗಂಡನೂ ತನ್ನ ಬಾಯಿಂದಲೇ ಒಪ್ಪಿಗೆ ಹೇಳಬೇಕು. ಅದಕ್ಕೂ ಮೊದಲು ಇಬ್ಬರೂ ತಮ್ಮ ತಮ್ಮ ಕಡೆಯಿಂದ ಒಬ್ಬ ಹಿರಿಯರನ್ನು ಆರಿಸಿಕೊಂಡು, ಹೊರಗೆ ಕೂತು ಮಾತಾಡಿ ಬರಲಿ. ರಾಜಿಯಾದರೆ ದಾವೆ ಮುಗಿಯಿತು.

“ನಿಮ್ಮ ಕಡಿ ಯಾರವ್ವ?”

ಶಿವಕಾಂತಮ್ಮ ಬಾಗಿಲ ಹತ್ತಿರ ಕೂತಿದ್ದ ಅತ್ತೆ ಶಂಕ್ರಮ್ಮನ ಕಡೆ ಕೈ ಮಾಡಿದಳು. ಖಂಡೆಪ್ಪನನ್ನು ಕೇಳಿದರೆ ಅವನ ಕೈಯೂ ಅಲ್ಲಿಗೇ ಹೋಯಿತು. ಮುನ್ಸಿಫರು ನಕ್ಕರು. ಮುದುಕಿ ಮಾತ್ರ ನಗಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದಳು.

ಅಂಗಳದ ಬೇವು ಹೂ ಉದುರಿಸುತ್ತಿತ್ತು. ಮೂವರ ತಲೆ, ಹೆಗಲ ಮೇಲೆಲ್ಲ ಸದ್ದಿಲ್ಲದೆ ಬಿಳಿ ಬೀಳುತ್ತಿತ್ತು. ಒಳಗಿನ ಉರ್ದು, ಹೊರಗಿನ ಟಾಂಗಾಗಳ ಗಂಟೆ, ಎಲ್ಲವೂ ನಿದ್ದೆಯ ಆಚೆ ದಡದಿಂದ ಬರುತ್ತಿರುವಂತಿತ್ತು. ಶಂಕ್ರಮ್ಮ ಮಗನಿಗೆ ಹೇಳಿದಳು:

“ಇಕಿ ಬಿಡುಗಡಿ ಕೇಳ್ಯಾಳ. ಕೊಟ್ಟುಬಿಡಪ್ಪ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಯಾಕ ಬಾಯಿ ಮುಚ್ಚಿದಿ ಅನ್ನೋದು ಹೇಳಿ ಕೊಡು. ಅಷ್ಟಾದ್ರೂ ಇಕಿ ಜೋಡಿ ಒಯ್ಯಲಿ.”

ಖಂಡೆಪ್ಪ ತಲೆ ತಗ್ಗಿಸಿಕೊಂಡೇ ಹೆಂಡತಿಯ ಕಡೆ ತಿರುಗಿದ.

“ಪ್ಲೇಗಿನ ವರ್ಷ… ಊರ ಹೊರಗ ರೋಗದವರನ್ನ ಇಟ್ಟಿದ್ದ ಗುಡಸಲದಾಗ ನೀ ಮಲಗಿದ್ದಿ. ನಿನ್ನ ಮಗ್ಗಲಕ್ಕ…” ಅವನ ತುಟಿ ಎರಡು ಸಲ ಕೂಡಿ ಬಿಚ್ಚಿತು. “…ಚಂದಿ. ಅಪ್ಪಾ ಅಂತ ಕರದ್ಲು. ಬೇಲಿ ಹೊರಗ ನಿಂತು, ಬಂದೆ ಮಗಾ, ಬಂದೆ ಅಂತ ಬೆಳತನಕ ಒದರಿದೆ. ಕಾವಲುಗಾರ ಮಲಗಿಬಿಟ್ಟಿದ್ದ. ಬೇಲಿ ಮೊಣಕಾಲಿನಷ್ಟಿತ್ತು. ನಾ ದಾಟಲಿಲ್ಲ. ಅಂಜಿದೆ. ಬೆಳಗಾಗೂದ್ರಾಗ ಆಕಿ ಹೋಗಿಬಿಟ್ಟಿದ್ಲು.” ಅವನು ತನ್ನ ಗಂಟಲನ್ನೇ ಹಿಡಿದುಕೊಂಡ. “ಇದು ಸುಳ್ಳಿನ ದನಿ. ಇದನ್ನ ನಿನ್ನ ಮುಂದ ಹೆಂಗ ತಗೀಲಿ?”

ಶಿವಕಾಂತಮ್ಮನಿಗೆ ಆ ರಾತ್ರಿ ನೀರಿನೊಳಗಿನಿಂದ ಕಂಡಂತೆ ಕಂಡಿತು. ಜ್ವರದಲ್ಲಿ ಅವಳು ಇಳಿಯುತ್ತಲೇ ಇದ್ದಳು, ಆಳಕ್ಕೆ, ಇನ್ನೂ ಆಳಕ್ಕೆ. ಮೇಲಿನಿಂದ ಹಗ್ಗದಂಥ ಒಂದು ದನಿ ಬಿಡದೆ ಇಳಿದು ಬರುತ್ತಿತ್ತು.

“ನಾನೂ ಹೊಂಟಿದ್ದೆ,” ಎಂದಳು. “ಬಂದೆ, ಬಂದೆ ಅಂತ ಕೇಳಸ್ತಿತ್ತು. ಬರತಾರ ಅಂತ ಕಾದೆ. ಕಾಯಕೋತ ಕಾಯಕೋತ ಉಳದೆ.”

ಖಂಡೆಪ್ಪ ತಲೆ ಎತ್ತಿದ. “ನನ್ನ ಮ್ಯಾಲ ಸಿಟ್ಟಿಲ್ಲೇನು ನಿನಗ?”

“ಇರಲಿಲ್ಲ. ಬೇಲಿ ಮೊಣಕಾಲಿನಷ್ಟಿತ್ತು ಅಂದ್ರಲ್ಲ, ಈಗ ಬಂದದ.”

ಅವನು ತಲೆ ತಗ್ಗಿಸಲಿಲ್ಲ. ಆ ಸಿಟ್ಟನ್ನು ಎದುರಿಗೇ ಕೂತು, ಬಿಸಿಲಿಗೆ ಮುಖ ಒಡ್ಡಿದಂತೆ ನೋಡಿದ. ಶಂಕ್ರಮ್ಮ ಅವರಿಬ್ಬರನ್ನೂ ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗಿಡದ ಆಚೆ ಬದಿಗೆ ಹೋಗಿ ಕೂತಳು.

ಜವಾನ ಬಂದು ಹೆಸರು ಕೂಗಿದಾಗ ನೆರಳು ಬೇವಿನ ಇನ್ನೊಂದು ಮಗ್ಗುಲಿಗೆ ಸರಿದಿತ್ತು. ಒಳಗೆ ಮುನ್ಸಿಫರು ಕೇಳಿದರು, ಸೂಗಪ್ಪನವರು ತಿಳಿಸಿದರು: “ರಾಜಿನೋ, ಬಿಡುಗಡಿನೋ?”

“ಎರಡೂ ಅಲ್ರೀ,” ಎಂದಳು ಶಿವಕಾಂತಮ್ಮ. “ಇನ್ನೊಂದು ತಾರೀಖು ಕೊಡ್ರಿ.”

“ಇಷ್ಟೊತ್ತನಕ ಕೂತು ಮಾತಾಡಿದ್ರಲ್ಲವ್ವ?”

“ಹೌದ್ರಿ. ಆದ್ರ ಈಗಷ್ಟ ಮಗಳ ಹೆಸರಿನ ತನಕ ಬಂದೀವಿ.”