ಕೇದಾರನಿಗೆ ಕೊಬ್ಬರಿ ಎಣ್ಣೆ

ಶೋಭಿತಾಳ ಕೈ ತಾಗೀತೆಂದು ಕನಕಲಕ್ಷ್ಮಿ ಕೊಬ್ಬರಿ ಎಣ್ಣೆಯ ಬಾಟಲಿಗೆ ಮೂರನೆಯ ಪ್ಲಾಸ್ಟಿಕ್ ಸುತ್ತುತ್ತಿದ್ದರು. ಮಗ ಕೇದಾರ್ ಇಂಗ್ಲೆಂಡಿನಲ್ಲಿ ಡಾಕ್ಟರು. ಅಲ್ಲಿನ ಚಳಿಗೆ ಕೈ ಬಿರಿಯುತ್ತದಂತೆ. ಮಲ್ಲಿಪಟ್ಟಣದ ಪಾಪಯ್ಯನ ಮಗಳು ಶೋಭಿತಾ ಅವನಿರುವಲ್ಲೇ ನರ್ಸು. ರಜೆ ಮುಗಿಸಿ ಹೊರಟವಳು, ಎಣ್ಣೆ ಒಯ್ಯಲು ಹೊಳೆನರಸೀಪುರಕ್ಕೆ ಬಂದು ಜಗಲಿಯ ಮೇಲೆ ಕೂತಿದ್ದಳು. ಒಳಗೆ ಕರೆದವರಿಲ್ಲ.

ಕಾಫಿ ಮಾತ್ರ ಹೋಯಿತು, ಬಿಸಾಡುವ ಪ್ಲಾಸ್ಟಿಕ್ ಲೋಟದಲ್ಲಿ. ಕನಕಲಕ್ಷ್ಮಿಯ ಅತ್ತೆಯ ಕಾಲದಲ್ಲಿ ತೆಂಗಿನ ಚಿಪ್ಪಿನಲ್ಲಿ ಹೋಗುತ್ತಿತ್ತು. ಮನೆತನ ಸುಧಾರಿಸಿತ್ತು.

ನಡುಮನೆಯಲ್ಲಿ ಹಾಸನದ ಚಲುವನಾರಾಯಣ ದಂಪತಿ ಬೆಳ್ಳಿ ಲೋಟ ಹಿಡಿದಿದ್ದರು. ಮಗಳನ್ನು ಕೇದಾರನಿಗೆ ಕೊಡುವ ಮಾತು. ಹುಡುಗ ಫೋನ್ ಮಾಡುವವನಿದ್ದ; ದನಿ ಕೇಳಿದರೆ ತಾಂಬೂಲ ಬದಲಾಯಿಸುವುದೊಂದೇ ಬಾಕಿ.

"ಹೊರಗಿರೋ ಹುಡುಗಿ ಯಾರು?"

"ಅಯ್ಯೋ, ನರ್ಸು. ಕಂಡೋರ ಹೇಲು ಬಾಚೋಕೆ ವಿಮಾನ ಹತ್ತಿ ಹೋಗ್ತಾವೆ ನೋಡಿ. ಥೂ, ನೆನೆಸ್ಕೊಂಡ್ರೇ ಊಟ ಸೇರಲ್ಲ." ಕನಕಲಕ್ಷ್ಮಿ ಬಾಗಿಲ ಕಡೆ ದನಿ ಏರಿಸಿದರು. "ಏನಮ್ಮ, ನಮ್ ಕೇದಾರ್ ಹೇಳ್ದಂಗೆ ಕೇಳ್ಕೊಂಡಿದೀಯ ತಾನೆ?"

"ಒಂದೇ ಕಡೆ ಕೆಲ್ಸ ಕಣಮ್ಮ. ಒಬ್ರು ಹೇಳ್ಬೇಕು, ಒಬ್ರು ಕೇಳ್ಬೇಕು," ಎಂದಳು ಶೋಭಿತಾ. "ಕೇದಾರ್ ಒಳ್ಳೇ ಹುಡ್ಗ."

ಹುಡ್ಗ! 'ಸಾರ್' ಅನ್ನಲು ಬಾಯಿ ಸವೆಯುತ್ತದೆಯೇ? ಕನಕಲಕ್ಷ್ಮಿ ಬಾಟಲಿಗೆ ಇನ್ನೊಂದು ಸುತ್ತು ಹಾಕಿದರು.

ಫೋನ್ ಬಡಿದುಕೊಂಡಿತು.

"ಎಣ್ಣೆ ಕಳಿಸ್ತಿದೀನಿ ಕಣೋ, ಆ ಪಾಪಯ್ಯನ ಮಗಳ ಕೈಲಿ. ಇಲ್ಲೇ ಕೂತಿದಾಳೆ..."

"ಶೋಭಿತಾ ಬಂದಿದಾರಾ? ಮೊದ್ಲು ಅವ್ರಿಗೆ ಕೊಡಮ್ಮ, ಅರ್ಜೆಂಟು."

ಕೊಡುವುದೆ? ಆ ಕೈ ತಾಗಿದ ರಿಸೀವರನ್ನು ಆಮೇಲೆ ಯಾರು ಕಿವಿಗಿಡಬೇಕು? ಮರುಕ್ಷಣವೇ ಉಪಾಯ ಹೊಳೆಯಿತು. ಸ್ಪೀಕರಿನ ಗುಂಡಿ ಒತ್ತಿದರು. ಮೈಲಿಗೆಯೂ ತಪ್ಪಿತು, ಬೀಗರ ಕಿವಿಗೂ ಅಳಿಯನ ದನಿ ಬಿತ್ತು.

"ಅಲ್ಲಿಂದ್ಲೇ ಮಾತಾಡಮ್ಮ, ಕೇಳುತ್ತೆ."

ಚಲುವನಾರಾಯಣರು ಲೋಟ ಕೆಳಗಿಟ್ಟು ಮುಂದೆ ಬಾಗಿದರು. ಶೋಭಿತಾ ಗಾಬರಿಯಿಂದ ಎದ್ದು ಹೊಸ್ತಿಲ ಬಳಿಗೆ ಬಂದಳು. "ಕೇದಾರ್, ಈಗ ಬ್ಯಾಡ, ಆಮೇಲೆ..."

"ಆಮೇಲೆ ಆಗಲ್ಲ ಮೇಡಂ! ನೀವು ರಜಕ್ಕೆ ಹೋದಾಗಿಂದ ಮುದುಕರ ಬೆಡ್‌ಪ್ಯಾನೆಲ್ಲ ನನ್ನೊಬ್ಬನ ಕೈಲೇ ತೊಳೆಸ್ತಿದಾರೆ. ಡಾಕ್ಟರ್ ಕೆಲಸ ಸಿಗೋವರೆಗೂ ತಪ್ಪಿದ್ದಲ್ಲ, ಸರಿ, ಆದ್ರೆ ನೀವು ಬಂದ ತಕ್ಷಣ ಬೇರೆಯವ್ರಿಗೂ ಒಂಚೂರು ಹಂಚಿ ಮೇಡಂ, ಕೈಯೆಲ್ಲ ಬಿರಿದುಹೋಗಿದೆ!"