ಒಣಸ್ ಆಂಡಾ?

"ಕುಸುಮಕ್ಕ, ಒಣಸ್ ಆಂಡಾ?"

ಊಟವಾಯಿತೇ ಎಂದು ಫೋನಿನಲ್ಲಿ ತುಳುವಿನಲ್ಲೇ ಕೇಳಿದವಳು ಆಫ್ರಿಕಾದ ಮಲಾವಿ ದೇಶದ ಗ್ರೇಸ್. ಕುಸುಮ ಮೆಲ್ಕಾರಿನ ಸಭಾಭವನದ ಹೊರಗೋಡೆಗೆ ಒರಗಿದಳು. ಒಂದೇ ತಿಂಗಳಲ್ಲಿ ತೀರಿಕೊಂಡ ಅಣ್ಣ ಮುಂಡಪ್ಪ, ಅತ್ತಿಗೆ ವಿಮಲಾ ಇಬ್ಬರಿಗೂ ಒಳಗೆ ನುಡಿನಮನ ನಡೆದಿತ್ತು. ಗಂಟೆ ಎರಡೂವರೆ, ಮಾತಾಡುತ್ತಿದ್ದವರು ಆರನೆಯವರು. ಬೆಳಗ್ಗಿನಿಂದ ಹೂವು, ಕುರ್ಚಿ, ಅತಿಥಿಗಳೆಂದು ಓಡಾಡಿ ಅವಳ ಕಾಲು ಊದಿಕೊಂಡಿತ್ತು. ಬಂದವರೆಲ್ಲ ಸಮಾಧಾನ ಹೇಳಿದ್ದರು, ಈ ಒಂದು ಮಾತನ್ನು ಯಾರೂ ಕೇಳಿರಲಿಲ್ಲ.

"ಆತ್‌ಜಿ," ಆಗಿಲ್ಲ ಎಂದಳು. ಸುಳ್ಳು ಹೇಳುವುದಕ್ಕೂ ತ್ರಾಣವಿರಲಿಲ್ಲ.

ಗ್ರೇಸ್ ಇಂಗ್ಲಿಷಿಗೆ ಹೊರಳಿದಳು. "ನಿಮ್ಮ ಅಣ್ಣ, ಅತ್ತಿಗೆ ಇಪ್ಪತ್ತು ವರ್ಷ ನಮ್ಮ ಹಳ್ಳಿಗಳಲ್ಲಿ ಬಾವಿ ತೋಡಿಸಿದರಲ್ಲ, ಪ್ರತಿ ಸಭೆಯಲ್ಲೂ ಮೊದಲು ಇದನ್ನೇ ಕೇಳುತ್ತಿದ್ದರು. ಒಬ್ಬರು ಇಲ್ಲ ಅಂದರೂ ಸಭೆ ನಿಲ್ಲಿಸಿ ಊಟ. 'ಇದು ನಮ್ಮೂರಿನ ಕ್ರಮ' ಅಂತಿದ್ದರು. ಹೌದಲ್ಲ?"

ಅದು ಊರಿನ ಕ್ರಮವಲ್ಲ, ಅವರಿಬ್ಬರದು ಮಾತ್ರ ಎನ್ನಲು ಕುಸುಮಳಿಗೆ ಬಾಯಿ ಬರಲಿಲ್ಲ. "ಹೌದು," ಎಂದು ಫೋನ್ ಇಟ್ಟಳು. ಕಾಲೆಳೆಯುತ್ತಾ ವೇದಿಕೆ ಹತ್ತಿದಳು. ದಂಪತಿಯ ಅಂತಾರಾಷ್ಟ್ರೀಯ ಸೇವೆಯನ್ನು ಬಣ್ಣಿಸುತ್ತಿದ್ದ ಅತಿಥಿಯ ವಾಕ್ಯ ಮುಗಿಯುವ ಮೊದಲೇ ಅವರ ಮೈಕಿನ ಮೇಲೆ ಕೈಯಿಟ್ಟಳು.

"ಒಂದು ನಿಮಿಷ ಸರ್. ಒಣಸ್ ಆಂಡಾ?"

ಅತಿಥಿ ಅವಳನ್ನು ನೋಡಿದರು, ಹೂಹಾರದ ಹಿಂದೆ ಫೋಟೊದಲ್ಲಿದ್ದ ಎರಡು ಮುಖಗಳನ್ನು ನೋಡಿದರು. ಆಮೇಲೆ ಭಾಷಣದ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು.

"ಆತ್‌ಜಿ ಮಾರಾಯ್ರೆ."